ಪೇರಲದೊಳಗಿನ ಗಿಣ್ಣ

ಆಗ ತೇರದಾಳದ ನಮ್ಮ ಓಣಿಯಲ್ಲಿ ಯಾರ ಮನೆಯ ಎಮ್ಮೆ ಈದಿತೆಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಗಿಣ್ಣ ಬೇಯುವ ವಾಸನೆಯೇ ಹೇಳುತ್ತಿತ್ತು. ಈದ ಎಮ್ಮೆಯ ಮೊದಲ ಹಾಲು ಹಳದಿ, ಗಟ್ಟಿ. ಅವ್ವ ಅದಕ್ಕೆ ಬೆಲ್ಲ, ಯಾಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಹೆಪ್ಪುಗಟ್ಟಿ, ಚಾಕುವಿನಿಂದ ಕೊಯ್ಯುವ ಹಾಗಾಗುತ್ತಿತ್ತು. ಅದನ್ನು ಯಾರೂ ಮಾರುತ್ತಿರಲಿಲ್ಲ. ಬಟ್ಟಲಲ್ಲಿ ಹಾಕಿ ಮನೆಮನೆಗೆ ಕಳಿಸುವುದು, ಅವರು ಆ ಬಟ್ಟಲನ್ನು ಬರಿದಾಗಿ ಕಳಿಸದೆ ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಹಾಕಿ ಮರಳಿಸುವುದು.

ನನಗೆ ಮಾತ್ರ ಬೆಲ್ಲ ಹಾಕದ ಗಿಣ್ಣ ಬೇಕಿತ್ತು. ಅದನ್ನು ನಾನು ಪೇರಲ ಹಣ್ಣಿನ ಜೊತೆ ತಿನ್ನುತ್ತಿದ್ದೆ. ಹಿತ್ತಲ ಗಿಡದ ಹಣ್ಣನ್ನು ಎರಡು ಹೋಳು ಮಾಡಿ, ಬೀಜದ ತಿರುಳನ್ನು ಚಮಚದಿಂದ ತೋಡಿ ತೆಗೆದು, ಆ ಕುಳಿಯಲ್ಲಿ ಗಿಣ್ಣ ಒತ್ತಿ ತುಂಬುತ್ತಿದ್ದೆ. ಕಚ್ಚಿದರೆ ಮೊದಲು ಹಣ್ಣಿನ ಒಗರು ಬೆರೆತ ಸಿಹಿ, ಆಮೇಲೆ ಮೆತ್ತಗಿನ, ಸಪ್ಪೆಯಾದ, ಹಾಲಿನ ಗಾಢ ರುಚಿಯ ಗಿಣ್ಣ. ಎರಡೂ ಬೇರೆಬೇರೆ ತಿಂದರೆ ಆ ರುಚಿ ಬರುತ್ತಿರಲಿಲ್ಲ. ಅವ್ವ ನೋಡಿ ನಗುತ್ತಿದ್ದಳು. "ಎಲ್ಲಾರೂ ಬೆಲ್ಲ ಬೇಡಿದ್ರ ಇಂವಾ ಪೇರಲ ಬೇಡ್ತಾನ."

ನಮ್ಮ ಮನೆಯ ಗಿಣ್ಣ ಹೋಗದಿದ್ದ ಮನೆ ಒಂದೇ, ಎದುರಿನ ಭೂಪಾಲನದು. ಅವರು ಜೈನರು. ಎಮ್ಮೆ ಈದ ಮೊದಲ ದಿನಗಳ ಹಾಲು ಕರುವಿನದು, ಅದನ್ನು ಮನುಷ್ಯರು ಮುಟ್ಟಬಾರದು ಎಂದು ಅವನ ಅಜ್ಜಿ ಚಂಪವ್ವ ಆಯಿ ಹೇಳುತ್ತಿದ್ದಳು. ಆಮೇಲೆ ಹಾಲು ತಿಳಿಯಾದ ಮೇಲೆ ತಾನೇ ಹಿತ್ತಾಳೆ ಚರಗಿ ಹಿಡಿದು ನಮ್ಮ ಮನೆಗೆ ಹಾಲಿಗೆ ಬರುತ್ತಿದ್ದಳು. ಇದರಿಂದ ಯಾರಿಗೂ ಬೇಸರವಿರಲಿಲ್ಲ. ಭೂಪಾಲನೂ ನಾನೂ ನಮ್ಮ ಕಟ್ಟೆಯ ಮೇಲೆ ಕೂತಾಗ ನಾನು ಗಿಣ್ಣ ತುಂಬಿದ ಹೋಳು ತಿನ್ನುತ್ತಿದ್ದೆ, ಅವನು ಬರೀ ಪೇರಲ ತಿನ್ನುತ್ತಿದ್ದ.

ನಮ್ಮಿಬ್ಬರಿಗೆ ಒಂದು ಆಟವಿತ್ತು. ಒಬ್ಬನು ಕಣ್ಣು ಮುಚ್ಚಿ ಬಾಯಿ ತೆರೆಯಬೇಕು, ಇನ್ನೊಬ್ಬ ಹಣ್ಣಿನ ಚೂರು ಹಾಕಬೇಕು, ಅದು ಯಾವುದೆಂದು ಹೇಳಬೇಕು. ಭೂಪಾಲ ಸೋಲುತ್ತಲೇ ಇರಲಿಲ್ಲ. ಪೇರಲವಾದರೆ ಯಾರ ಹಿತ್ತಲದ್ದೆಂದೂ ಹೇಳುತ್ತಿದ್ದ. "ನಿನ್ನ ನಾಲಿಗಿ ಸಾಲಿಗಿ ಬಂದಿಲ್ಲಲೇ ಈರ್ಯಾ, ಒಂದನೇ ಇಯತ್ತ್ಯಾಗ ಕುಂದರಸು ಅದನ್ನ" ಎಂದು ನನ್ನನ್ನು ಕಾಡಿಸುತ್ತಿದ್ದ. ಆಟದಲ್ಲಿ ಹಣ್ಣು ಬಿಟ್ಟು ಬೇರೆ ಏನೂ ಹಾಕಬಾರದು. ಅದು ಅವನಿಗಾಗಿಯೇ ನಾವು ಮಾಡಿಕೊಂಡ ಕಟ್ಟಳೆ.

ಆ ವರ್ಷ ಮಳೆಗಾಲದಲ್ಲಿ ಎಮ್ಮೆ ಈದಿತ್ತು. ಗಿಡದ ತುಂಬ ಹಣ್ಣು. ಒಂದು ಸಂಜೆ ಭೂಪಾಲ ಕಟ್ಟೆಗೆ ಬಂದ.

"ಮುಚ್ಚಿದೇನಲೇ ಕಣ್ಣು?"

"ಮುಚ್ಚೇನಿ. ಲಗೂನ ಹಾಕು. ಹೊತ್ತು ಮುಳುಗಾಕ ಬಂತು, ಆಯಿ ಉಣ್ಣಾಕ ಕರೀತಾಳ."

ನಾನು ಗಿಣ್ಣ ತುಂಬಿದ ಹೋಳನ್ನೇ ಅವನ ಬಾಯಿಗಿಟ್ಟೆ. ಯಾಕೆ ಇಟ್ಟೆನೆಂದು ಬಹಳ ಸಲ ಯೋಚಿಸಿದ್ದೇನೆ. ಅಷ್ಟು ರುಚಿಯಾದದ್ದು ಅವನಿಗೆ ಸಿಗುವುದಿಲ್ಲವಲ್ಲ ಎಂಬ ಮರುಕ ಇತ್ತು. ಒಮ್ಮೆಯಾದರೂ ಅವನನ್ನು ಸೋಲಿಸಬೇಕೆಂಬ ಹಟ ಅದಕ್ಕಿಂತ ಹೆಚ್ಚಿತ್ತು.

"ಪೇರಲ. ನಿಮ್ಮ ಗಿಡದ್ದ" ಎಂದ. ಮತ್ತೆ ಅಗಿದ. "ಒಳಗ ಏನೋ ಐತಲ್ಲೋ. ಏನಲೇ ಅದು?"

"ಸೋತೆ ಅನ್ನು, ಹೇಳ್ತೀನಿ."

"ಸೋತೆ, ಹೇಳು."

"ಖವಾ. ನಮ್ಮ ಮಾವ ಜಮಖಂಡಿಯಿಂದ ತಂದಾನ."

"ಭಾರಿ ಐತೋ! ಇನ್ನೊಂದು ಹೋಳು ಕೊಡು."

ಕೊಟ್ಟೆ. ಅವನು ಅದನ್ನೂ ತಿಂದು, ತುಟಿ ಒರೆಸಿಕೊಳ್ಳದೆ ಮನೆಗೆ ಓಡಿದ.

ಸ್ವಲ್ಪ ಹೊತ್ತಿಗೆ ಆಯಿ ಅವನ ಕೈ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಭೂಪಾಲ ಇನ್ನೂ ಉಂಡಿರಲಿಲ್ಲ.

"ಗೌರವ್ವಾ, ಇವನ ತುಟಿಗೆ ಹಳದಿ ಹತ್ತೈತಿ ನೋಡವ್ವಾ. ಏನದು ಅಂದ್ರ ಖವಾ ಅಂತಾನ. ನಿಮ್ಮ ಮನ್ಯಾಗ ಖವಾ ಮಾಡೀರೇನು?"

"ಖವಾ ಎಲ್ಲೀದ್ರಿ ಆಯಿ, ಎಮ್ಮಿ ಈದು ಇನ್ನೂ..." ಎಂದ ಅವ್ವ ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಏನ್ ಕೊಟ್ಟೀಯೋ ಇವಂಗ?"

ಅವ್ವನ ಕೈಯಲ್ಲಿ ಕಸಬರಿಗೆಯಿತ್ತು. ನಾನು ಅದನ್ನೇ ನೋಡುತ್ತ ಹೇಳಿದೆ: "ಗಿಣ್ಣ ಅಂತ ಹೇಳೇ ಕೊಟ್ಟೀನಿ. ಬ್ಯಾಡ ಅಂದೆ. ಅವನೇ ಬೇಡಿ ತಿಂದ."

"ಇಲ್ಲ ಆಯಿ! ಇಂವಾ ಖವಾ ಅಂದ, ಅದಕ್ಕ..."

"ಸುಳ್ಳ ಹೇಳ್ತಾನ. ಬೇಕಾದ್ರ ಕೇಳ್ರಿ, ಎರಡು ಹೋಳು ತಿಂದಾನ."

ಆಯಿ ಅವನನ್ನು ಕೇಳಿದಳು. ಎರಡು ತಿಂದದ್ದು ನಿಜವಾಗಿತ್ತು. ಅವನು ಹೂಂ ಅಂದ. ಅದರ ನಂತರ ಅವನು ಏನು ಹೇಳಿದರೂ ಯಾರೂ ನಂಬಲಿಲ್ಲ.

ಆಯಿ ಹೊಡೆಯಲಿಲ್ಲ, ಬೈಯಲಿಲ್ಲ. "ತಿಂದಿ, ಆತು, ಹೋಗ್ಲಿ. ಸುಳ್ಳ ಯಾಕ ಹೇಳಿದಿ ಭೂಪಾಲಾ?" ಎಂದಷ್ಟೇ ಅಂದಳು. ಅವನನ್ನು ಕರೆದುಕೊಂಡು ಹೋದಳು. ಹೊತ್ತು ಮುಳುಗಿತ್ತು, ಆಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಆ ದಿನ ಅವನು ಉಪವಾಸ ಮಲಗಿದ.

ಆಗ ಅವರ ಚಾತುರ್ಮಾಸ, ಮಳೆಗಾಲದ ನಾಲ್ಕು ತಿಂಗಳ ವ್ರತ, ನಡೆದಿತ್ತು. ಆಯಿ ಹಗಲಿನ ಒಂದೇ ಊಟದ ಕೊನೆಗೆ ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿಕೊಂಡು ತಿನ್ನುತ್ತಿದ್ದಳು. ಆಕೆಗೆ ಹಲ್ಲಿರಲಿಲ್ಲ, ರುಚಿಯೆಂದು ಉಳಿದಿದ್ದುದು ಅದೊಂದೇ. ವ್ರತ ಮುಗಿಯುವವರೆಗೆ ಆಕೆ ಹಾಲೂ ಬಿಟ್ಟಳು, ಹಣ್ಣೂ ಬಿಟ್ಟಳು. ಅವ್ವ ಕೇಳಿದ್ದಕ್ಕೆ "ಹುಡುಗಗ ನಾ ಕಲಿಸಿದ್ದು ಕಡಿಮಿ ಆಗೈತಿ ಗೌರವ್ವಾ" ಅಂದಳಂತೆ. ಹಾಲು ತಿಳಿಯಾದ ಮೇಲೂ ಚರಗಿ ನಮ್ಮ ಮನೆಗೆ ಬರಲಿಲ್ಲ. ಒಣ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದ ಆಕೆಯನ್ನು ನಾನು ನಮ್ಮ ಕಟ್ಟೆಯಿಂದ ದಿನವೂ ನೋಡಿದ್ದೇನೆ. ಬೀದಿ ದಾಟಿ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಭೂಪಾಲ ಕೆಲವು ದಿನ ಮಾತು ಬಿಟ್ಟ, ಮತ್ತೆ ಆಡಲು ಬಂದ. ಚಿಣಿಪಣಿ, ಬುಗುರಿ ಎಲ್ಲ ಆಡಿದೆವು. ಕಣ್ಣು ಮುಚ್ಚುವ ಆಟಕ್ಕೆ ಒಮ್ಮೆ ಕೂತಾಗ ಮಾತ್ರ ಅವನು ಬಾಯಿ ತೆರೆಯುವ ಮೊದಲು ಕಣ್ಣು ತೆರೆದು ನನ್ನ ಕೈ ನೋಡಿದ. ಆಟ ಅಲ್ಲಿಗೆ ಮುಗಿಯಿತು.

ಮುಂದೆ ಅವನು ಸೀರೆ ವ್ಯಾಪಾರಕ್ಕೆಂದು ಬನಹಟ್ಟಿಗೆ ಹೋದ. ನಾನು ಹತ್ತನೆಯ ತರಗತಿ ಮುಗಿಸಿ ಹೊಲ ನೋಡಿಕೊಂಡು ಉಳಿದೆ. ಮದುವೆ ಮುಂಜಿಗಳಲ್ಲಿ ಭೇಟಿಯಾದರೆ ಕಬ್ಬಿನ ಮಾತು, ಮೊಣಕಾಲು ನೋವಿನ ಮಾತು.

ಹೋದ ತಿಂಗಳು ಜಮಖಂಡಿಯ ಒಂದು ಮದುವೆಯಲ್ಲಿ ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದೆವು. ಬಡಿಸುವವನೊಬ್ಬ ತಟ್ಟೆ ತಂದು ಹಿಡಿದ. ಹಲ್ಲುಕಡ್ಡಿಗೆ ಒಂದು ದ್ರಾಕ್ಷಿ, ಅದರ ಕೆಳಗೆ ಒಂದು ಹಳದಿ ತುಂಡು ಚುಚ್ಚಿದ್ದರು. ನಾನೊಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಉಪ್ಪಿತ್ತು, ಆದರೂ ಮೆತ್ತಗಿನ ಹಾಲಿನ ರುಚಿಯ ಮೇಲೆ ಹಣ್ಣಿನ ಸಿಹಿ ಒಡೆದಾಗ ನನಗೆ ನಮ್ಮ ಕಟ್ಟೆ ನೆನಪಾಯಿತು. ಭೂಪಾಲ ತನ್ನ ಕಡ್ಡಿ ಹಿಡಿದುಕೊಂಡೇ ಇದ್ದ.

"ಏನೋ ಇದು ಈರಪ್ಪಾ?"

"ಚೀಜ್ ಅಂತಾರ. ಹಾಲಿಂದ ಮಾಡ್ತಾರ. ಹೆಪ್ಪಿಗೆ ಕೆಲವು ಕಡೆ ಕರುವಿನ ಹೊಟ್ಟೀದು ಹಾಕ್ತಾರಂತ, ಇದಕ್ಕ ಏನ ಹಾಕ್ಯಾರೋ ನನಗ ಗೊತ್ತಿಲ್ಲ." ಇಷ್ಟು ಹೇಳಿದ ಮೇಲೆ ಉಳಿದ ಮಾತನ್ನು ನುಂಗಿಕೊಳ್ಳಲಾಗಲಿಲ್ಲ. "ಆವತ್ತ ನಾನೇ ಖವಾ ಅಂದಿದ್ದೆ ಭೂಪಾಲಾ. ಅವ್ವನ ಮುಂದ, ಆಯಿ ಮುಂದ ಸುಳ್ಳ ಹೇಳಿದೆ."

"ಅದನ್ನ ನನಗ್ಯಾಕ ಹೇಳ್ತಿ? ನನಗ ಗೊತ್ತೈತಲ್ಲ" ಎಂದ. ಮದುಮಕ್ಕಳ ಕಡೆ ತಿರುಗಿ ಕೂತ. "ಆಯಿ ಇದ್ದಾಗ ಹೇಳಬೇಕಿತ್ತು. ಸಾಯೂ ಮುಂದ ಎಲ್ಲಾರ್ನೂ ಕರದು ಒಂದೊಂದು ಮಾತು ಹೇಳಿದ್ಲು. ಅಣ್ಣಗ ತಂಗೀನ್ನ ನೋಡ್ಕೋ ಅಂದ್ಲು. ನನಗ, ಸುಳ್ಳ ಹೇಳಬ್ಯಾಡ ಭೂಪಾಲಾ, ಅಂದ್ಲು."



ಈಗ ತೇರದಾಳದಲ್ಲಿ ಗಿಣ್ಣದ ಪುಡಿ ಪಾಕೀಟಿನಲ್ಲಿ ಸಿಗುತ್ತದೆ, ಎಮ್ಮೆ ಈಯಬೇಕಿಲ್ಲ. ಪೇರಲ ಗಿಡವಿದ್ದ ಹಿತ್ತಲಲ್ಲಿ ಮಗ ಅಂಗಡಿ ಕಟ್ಟಿಸಿದ್ದಾನೆ. ಅದಕ್ಕೆಲ್ಲ ನನಗೆ ದುಃಖವಿಲ್ಲ. ಗಿಣ್ಣ ಬೇಕೆಂದರೆ ಇನ್ನೂ ಸಿಕ್ಕೀತು, ಪೇರಲವೂ ಸಿಕ್ಕೀತು.

ಅಂದು ಆ ಮದುವೆಯಲ್ಲಿ ಭೂಪಾಲ ಕಡ್ಡಿಯಿಂದ ದ್ರಾಕ್ಷಿಯನ್ನು ಬಿಡಿಸಿಕೊಂಡು, ಹಳದಿ ತುಂಡು ಉಳಿದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟ. ದ್ರಾಕ್ಷಿಗೆ ಏನಾದರೂ ಹತ್ತಿದೆಯೇ ಎಂದು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಪಂಚೆಯ ತುದಿಯಿಂದ ಒರೆಸಿದ. ಆಮೇಲೆ ಬಾಯಿಗೆ ಹಾಕಿಕೊಂಡ.