ಹುರಿಯದೆ ಉಳಿದ ಪುಂಡಿ ಬೀಜ

ನಮ್ಮೂರ ಮುನ್ಷಿ ಸಾಹೇಬರ ಎಡಗಿವಿಯ ಹಿಂದೆ ಒಂದು ಗೆರೆ ಬಿದ್ದಿತ್ತು. ಕನ್ನಡಕದ ಕಡ್ಡಿ ಮುರಿದಾಗಿನಿಂದ ಅದನ್ನು ಪುಂಡಿ ನಾರಿನಿಂದ ಕಿವಿಗೆ ಸುತ್ತಿಕೊಂಡಿದ್ದರು. ಆ ನಾರು ವರ್ಷಗಟ್ಟಲೆ ತಿಕ್ಕಿ ಮಾಡಿದ ಗೆರೆ. ನಿಜಾಮರ ಕಾಲ. ಯಲಬುರ್ಗಾ ಸೀಮೆಯ ನಮ್ಮ ಹಳ್ಳಿಗೂ ಸರ್ಕಾರದ ಕಾಗದ ಉರ್ದುವಿನಲ್ಲೇ ಬರುತ್ತಿತ್ತು, ನಮಗೆ ಓದಿ ಹೇಳುವವರು ಅವರೊಬ್ಬರೇ. ಮೊದಲು ಮನಸ್ಸಿನಲ್ಲಿ ಓದಿಕೊಂಡು, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದರು. ನಿಟ್ಟುಸಿರಿನ ಉದ್ದ ನೋಡಿಯೇ ಸುದ್ದಿ ಎಂಥದೆಂದು ನಮಗೆ ತಿಳಿಯುತ್ತಿತ್ತು.

ಒಂದು ಬೇಸಿಗೆ ಚಾವಡಿಗೆ ಬಂದ ಕಾಗದಕ್ಕೆ ಬಲು ಉದ್ದದ ನಿಟ್ಟುಸಿರು ಬಿತ್ತು. ಪುಂಡಿಯಂಥ ನಾರಿನ ಬೆಳೆ ಬಿತ್ತುವವರು ಮೊದಲೇ ಪರವಾನಗಿ ಪಡೆಯಬೇಕೆಂದು ಕಾನೂನು ತರುವ ವಿಚಾರವಿದೆ, ತಕರಾರಿದ್ದವರು ಬರೆದು ತಿಳಿಸಿ ಎಂದಿತ್ತು. ಪರವಾನಗಿಗೆ ಅಲೆಯುವಷ್ಟರಲ್ಲಿ ಹೊಲದ ಹದ ಆರಿಹೋಗುತ್ತದೆ. ಪುಂಡಿ ಇಲ್ಲದಿದ್ದರೆ ಎತ್ತಿಗೆ ಹಗ್ಗವಿಲ್ಲ, ರೊಟ್ಟಿಗೆ ಪಲ್ಯವಿಲ್ಲ. ಸಾಹೇಬರು ತಕರಾರು ಅರ್ಜಿ ಬರೆದು ಮನೆಮನೆಗೆ ತಂದರು. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಮಾಡಲು ಬರುತ್ತಿದ್ದ ನಾನೂ ನಾಳೆ ನೋಡೋಣ ಎಂದೆ.

“ಸರ್ಕಾರ ಕೇಳೈತಿ ಅಷ್ಟ. ಇನ್ನಾ ಹುಕುಂ ಮಾಡಿಲ್ಲ,” ಎಂದರು ಸಾಹೇಬರು.

“ಸರ್ಕಾರ ನಮ್ಮನ್ನ ಯಾವಾಗ ಕೇಳೈತ್ರಿ ಸಾಹೇಬ್ರ?” ಎಂದಳು ನಮ್ಮವ್ವ ಒಳಗಿನಿಂದಲೇ.

ಅವರು ಅರ್ಜಿ ಮಡಚಿಕೊಂಡು ಮುಂದಿನ ಮನೆಗೆ ಹೋದರು.

ಮನೆಯಲ್ಲಿ ಬೀಜ ಸಿಕ್ಕರೂ ತಪ್ಪಾದೀತೆಂದು ಊರಿಗೆ ಊರೇ ಅದನ್ನು ಹುರಿದು, ಚಟ್ನಿ ಕುಟ್ಟಿ ತಿಂದಿತು. ಮಳೆ ಬಿದ್ದಾಗ ಸಾಹೇಬರು ಮಾತ್ರ ತಮ್ಮ ಮನೆ ಮುಂದಿನ ತುಂಡು ಜಾಗದಲ್ಲಿ, ಹೋಗಿಬರುವವರಿಗೆಲ್ಲ ಕಾಣುವಂತೆ ಪುಂಡಿ ಬಿತ್ತಿದರು. ಮೊಣಕಾಲು ನೋವಿನ ಮುದುಕ. ದಿನಾ ಅದರ ಪಕ್ಕ ಚಾಪೆ ಹಾಸಿ, ತಮ್ಮನ್ನು ಹಿಡಿಯಲು ಬರುವವರಿಗಾಗಿ ಕಾದು ಕೂತಿರುತ್ತಿದ್ದರು. ದನಗಳು ಬಂದವು, ಓಡಿಸಿದರು. ಬೇರೆ ಯಾರೂ ಬರಲಿಲ್ಲ.

ಅರ್ಜಿಯನ್ನು ತಮ್ಮೊಬ್ಬರ ಸಹಿಯಲ್ಲೇ ಕಳಿಸಿದ್ದರಂತೆ. ಆ ಕಾನೂನು ಬರಲೇ ಇಲ್ಲ. ಅರ್ಜಿಯಿಂದಲೋ, ಅಲ್ಲಿ ಯಾರೋ ಮರೆತುಬಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮರುವರ್ಷ ಬಿತ್ತಲು ಬೀಜವಿದ್ದದ್ದು ಅವರ ಮನೆಯ ಮಡಕೆಯಲ್ಲಿ ಮಾತ್ರ. ನಾಚಿಕೊಂಡೇ ಹೋಗಿ ಧೋತರದ ಅಂಚು ಒಡ್ಡಿದೆ. ಬೊಗಸೆ ತುಂಬ ಸುರಿದು, “ಇದನ್ನರ ಹುರೀಬ್ಯಾಡ ತಮ್ಮಾ. ಮತ್ತೊಮ್ಮೆ ಹಂಗ ಕೂಡ್ರಾಕ ನನ್ನ ಕಡಿಂದ ಆಗಂಗಿಲ್ಲ,” ಎಂದರು.

ಅವರು ತೀರಿಕೊಂಡಾಗ ನನ್ನ ಹೊಲದಲ್ಲಿ ಪುಂಡಿ ಎದೆಮಟ್ಟ ನಿಂತಿತ್ತು. ಎಲ್ಲರಂತೆ ನಾನೂ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದೆ. ಅವರು ಬಾಗಿಲಿಗೆ ಬಂದು ಕೇಳಿದಾಗ ಒಂದು ಸಹಿ ಹಾಕದ ಕೈ ಅದು.