ರವಿವಾರ ಅಳೆದ ಇಳಿಜಾರು

ನನ್ನ ತಂಗಿ ಗಾಲಿಕುರ್ಚಿಯಲ್ಲಿ ಓಡಾಡತೊಡಗಿ ಎಂಟು ವರ್ಷವಾಯಿತು, ಅಥವಾ ಒಂಬತ್ತು. ಅವಳನ್ನು ಕೇಳಿದರೆ ತಿಂಗಳು, ವಾರ ಸಹಿತ ಹೇಳುತ್ತಾಳೆ. ನಾನು ಕೇಳುವುದಿಲ್ಲ. ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಕಮಲಾಪುರದ ಮನೆಯಲ್ಲೇ ಕೂತು ಓದಿ ಗ್ರಂಥಾಲಯ ವಿಜ್ಞಾನದ ಪರೀಕ್ಷೆ ಪಾಸು ಮಾಡಿದಳು. ಹೋದ ವರ್ಷ ಕಲಬುರಗಿಯ ಸೇಡಂ ರಸ್ತೆಯ ಕಡೆಯ ಒಂದು ಖಾಸಗಿ ಕಾಲೇಜಿನಿಂದ ಗ್ರಂಥಾಲಯದ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಹೋಗುತ್ತೇನೆ ಅಂದಳು, ಆದರೆ ಒಂದು ಷರತ್ತು ಹಾಕಿದಳು.

"ನನ್ನ ಯಾರೂ ಎತ್ತಬಾರದು. ಒಂದ್ ಸಲ ಎತ್ತಿದ್ರಂದ್ರ ದಿನಾ ಎತ್ತವ್ರೇ. ಹಂಗಾದ್ರ ನಂಗ ಆ ನೌಕರಿ ಬ್ಯಾಡ."

ನಮ್ಮ ಕಡೆಯ ಜನ ಎತ್ತುವುದರಲ್ಲಿ ನಿಸ್ಸೀಮರು. ಗಾಲಿಕುರ್ಚಿ ಕಂಡರೆ ಸಾಕು, ಅದರಲ್ಲಿ ಕೂತವರನ್ನು ಒಂದು ಮಾತೂ ಕೇಳದೆ ನಾಲ್ಕು ಜನ ತೋಳೇರಿಸುತ್ತಾರೆ. ಮೆಟ್ಟಿಲು ಕಟ್ಟಿದವನನ್ನು ಬೈಯುವ ಶ್ರಮ ಯಾರಿಗೂ ಬೇಡ. ಎತ್ತಿದರೆ ಪುಣ್ಯವೂ ಬರುತ್ತದೆ, ಮೆಟ್ಟಿಲೂ ಉಳಿಯುತ್ತದೆ. ಸ್ಟೇಶನ್ ಬಜಾರದ ಹತ್ತಿರ ಒಂದು ಮದುವೆಯಲ್ಲಿ ಒಬ್ಬಾತ ಅವಳನ್ನು ಎತ್ತಿ ಇಳಿಸಿ, ಕೈ ಮುಗಿದು, "ತಂಗೀ, ನಿನ್ನಿಂದ ನಂಗ ಇವತ್ತ ಸೇವಾ ಸಿಕ್ತು ನೋಡವಾ" ಅಂದಿದ್ದ. ಅವಳಿಗೇನು ಸಿಕ್ಕಿತು ಎಂದು ಅವನು ಕೇಳಲಿಲ್ಲ. ಅವಳು ಊಟ ಮಾಡದೆ ಬಂದಳು.

ನಾನು ಯೋಜನೆಗೆ ಇಳಿದೆ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಳೆದವನು, ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂಬುದೊಂದನ್ನೇ ಅಲ್ಲಿಂದ ತಂದವನು. ಬಸ್ಸಿನ ಮಾತೇ ಇರಲಿಲ್ಲ. ಅದರ ಮೊದಲ ಮೆಟ್ಟಿಲು ಹತ್ತಲು ನನ್ನ ಮೊಣಕಾಲೇ ತಕರಾರು ಮಾಡುತ್ತದೆ. ಕಮಲಾಪುರದ ಬಾಡಿಗೆ ಗಾಡಿಯವರು ದೊಡ್ಡದೊಡ್ಡ ಎತ್ತರದ ಗಾಡಿಗಳನ್ನು ಹೆಮ್ಮೆಯಿಂದ ತೋರಿಸಿದರು. ತಂಗಿ ಕುರ್ಚಿಯಿಂದ ತಾನೇ ಜಾರಿ ಸೀಟಿಗೆ ಕೂರಬೇಕಾದರೆ ಸೀಟು ಕುರ್ಚಿಯ ಮಟ್ಟಕ್ಕಿರಬೇಕು. ನಾನು ಟೇಪು ಹಿಡಿದು ಅಳೆಯತೊಡಗಿದೆ.

"ಬ್ಯಾರೇದವ್ರು ಏಸಿ ಐತೇನಂತ ಕೇಳ್ತಾರ್ರೀ. ನೀವೇನು ಗಾಡಿಗಿ ಚಡ್ಡಿ ಹೊಲಿಯವ್ರಂಗ ಅಳೀಲಕತ್ತೀರಿ?" ಎಂದ ಒಬ್ಬ ಡ್ರೈವರ್.

ಕೊನೆಗೆ ಹೊಂದಿದ್ದು ಮಾಲೀಕನೇ ನಾಚಿಕೊಂಡು ಹಿಂದೆ ನಿಲ್ಲಿಸಿದ್ದ ಒಂದು ಹಳೆಯ ಸಣ್ಣ ಕಾರು.

ಕಾಲೇಜಿಗೆ ಫೋನು ಮಾಡಿದಾಗ ಕಚೇರಿಯವರು, "ರ‍್ಯಾಂಪ್ ಐತ್ರೀ. ಅದಕ್ಕ ಸರ್ಟಿಫಿಕೇಟೂ ಐತಿ" ಅಂದರು. ಸರ್ಟಿಫಿಕೇಟಿನ ಮೇಲೆ ಗಾಲಿ ಉರುಳುವುದಿಲ್ಲ. ಈ ಜಿಲ್ಲೆಯಲ್ಲಿ ನಾನು ನೋಡಿದ ರ‍್ಯಾಂಪುಗಳು ಒಂದೊಂದೂ ಒಂದೊಂದು ಕಥೆ: ಒಂದರ ತುದಿಗೆ ಮತ್ತೊಂದು ಮೆಟ್ಟಿಲು, ಇನ್ನೊಂದರ ತುದಿಗೆ ಜನರೇಟರ್, ಮತ್ತೊಂದರ ಮೇಲೆ ಉದ್ದಕ್ಕೂ ಹೂಕುಂಡ. ಆದ್ದರಿಂದ ನಾನೇ ಹೋಗಿ ನೋಡಿದೆ. ವಾರದ ದಿನ ಬಿಡುವಿರಲಿಲ್ಲ, ರವಿವಾರ ಹೋದೆ. ವಾಚ್‌ಮನ್ ಬಿಟ್ಟ. ಮುಂಭಾಗದ ಆರು ಮೆಟ್ಟಿಲಿನ ಬಾಜೂಕೆ, ಪೋರ್ಟಿಕೋದ ನೆರಳಿನಲ್ಲಿ, ರ‍್ಯಾಂಪು ಸ್ವಚ್ಛವಾಗಿ ಖಾಲಿ ಮಲಗಿತ್ತು. ಅಗಲ, ಉದ್ದ, ಏರು ಅಳೆದು ಬರೆದುಕೊಂಡೆ. ಎಲ್ಲವೂ ಸರಿ. ಮೂರು ಪುಟದ ಆ ಯೋಜನೆಯನ್ನು ತಂಗಿಗೆ ಓದಿ ಹೇಳುವಾಗ ನನ್ನ ದನಿಯಲ್ಲಿ ಇದ್ದ ಗತ್ತು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಸಂದರ್ಶನ ಸೋಮವಾರ ಹತ್ತೂವರೆಗೆ. ಹತ್ತಕ್ಕೆ ತಲುಪಿದೆವು. ಅವಳು ತಾನೇ ಕಾರಿನಿಂದ ಕುರ್ಚಿಗೆ ಜಾರಿ, ಗಾಲಿ ತಿರುಗಿಸುತ್ತ ಮೆಟ್ಟಿಲ ಹತ್ತಿರ ಹೋಗಿ ನಿಂತಳು. ರ‍್ಯಾಂಪಿನ ಮೇಲೆ ಹನ್ನೊಂದೋ ಹದಿನಾಲ್ಕೋ ಬೈಕು ಸ್ಕೂಟರು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಎಲ್ಲದರ ಹ್ಯಾಂಡಲೂ ಲಾಕು.

"ಯಾರ್ವು ಇವು?" ಎಂದೆ ಪ್ಯೂನನಿಗೆ.

"ಸರ್‌ಗೋಳ್ದು ರೀ. ಕ್ಲಾಸಿನಾಗ ಅದಾರ."

"ರ‍್ಯಾಂಪ್ ಮ್ಯಾಲ ಯಾಕ ನಿಲ್ಲಸ್ತಾರ?"

"ಮತ್ತ ಬಿಸಲಾಗ ನಿಲ್ಲಸ್ಬೇಕೇನ್ರೀ? ಸೀಟು ಕಾದು ದ್ವಾಸಿ ಹಂಚಾಗ್ತದ."

ಇಡೀ ಕಾಂಪೌಂಡಿನಲ್ಲಿ ನೆರಳಿದ್ದದ್ದು ಅಲ್ಲೊಂದೇ ಕಡೆ. ಈ ಬಿಸಿಲ ಸೀಮೆಯಲ್ಲಿ ಹುಟ್ಟಿದ ಯಾವನಿಗಾದರೂ ಇದು ಹೊಳೆಯಬೇಕಿತ್ತು. ನಾನು ಏರನ್ನು ಅಳೆದಿದ್ದೆ, ನೆರಳನ್ನು ಅಳೆದಿರಲಿಲ್ಲ.

ಹತ್ತೂ ಇಪ್ಪತ್ತಾಯಿತು. "ಅಕ್ಕಾರನ್ನ ಎತ್ತಿಬಿಡೂನು ನಡೀರಿ, ನಾಕ್ ಮಂದಿ ಅದೇವಲ್ಲ," ಎಂದು ಯಾರೋ ಅಂದರು. ಎತ್ತಿಯೂ ಬಿಟ್ಟರು. ಮೂರನೆಯ ಮೆಟ್ಟಿಲಲ್ಲಿ ಕುರ್ಚಿ ವಾಲಿ ಅವಳ ಒಂದು ಚಪ್ಪಲಿ ಕೆಳಗೆ ಬಿತ್ತು. ಪ್ಯೂನ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಹಿಂದಿನಿಂದ ಬಂದ. ಅವಳು ಮುಖ ಎತ್ತಲಿಲ್ಲ.

ಇಲ್ಲಿಂದ ನನ್ನ ನೆನಪೂ ಅವಳ ನೆನಪೂ ಬೇರೆಬೇರೆ. ನಾನು ಅಡ್ಡ ನಿಂತು "ಬ್ಯಾಡ್ರಿ, ಆಕಿನ್ನ ಕೇಳ್ರಿ" ಅಂದಿದ್ದೆ, ಅವರು ನನ್ನನ್ನು ಸರಿಸಿದರು ಎಂದು ನನಗೆ ನೆನಪು. ಎಡಗಡೆಯ ಗಾಲಿ ಹಿಡಿದವನೇ ನೀನು, "ಒಂದ್, ಎರಡ್, ಹಾಂ" ಅಂತ ಎಣಿಸಿದವನೂ ನೀನೇ ಎಂದು ಅವಳು ಹೇಳುತ್ತಾಳೆ. ಸಂದರ್ಶನ ಮುಗಿಯುವ ತನಕ ನಳದ ಮುಂದೆ ನಿಂತು ಅಂಗೈಯ ಕರಿ ಎಣ್ಣೆ ತೊಳೆದದ್ದು ಮಾತ್ರ ನನಗೂ ಸ್ಪಷ್ಟವಾಗಿ ನೆನಪಿದೆ. ಕುರ್ಚಿಯನ್ನು ಕಾರಿನಿಂದ ಇಳಿಸುವಾಗ ಅದು ಹತ್ತಿರಬಹುದು. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲ. ಅನುಕೂಲವಾದ ನೆನಪಿಗೆ ನಾನು ಯಾರಿಗೂ ಮಾಫಿ ಕೊಟ್ಟವನಲ್ಲ.

ಹದಿನೈದು ದಿನಕ್ಕೆ ನೇಮಕಾತಿಯ ಪತ್ರ ಬಂತು. ಅವಳು ಅದನ್ನು ಮಡಚಿ ಬದಿಗಿಟ್ಟಳು. ಷರತ್ತು ಮುರಿದಿತ್ತು. ನಾನು ಪ್ರಾಂಶುಪಾಲರಿಗೆ ಮನವಿ ಬರೆಯಲು ಕೂತೆ. ಕಾನೂನಿನ ಕಲಮುಗಳು, ಹಕ್ಕುಗಳು, ನಾಲ್ಕು ಹಾಳೆ. ನಾನು ಮೂರನೆಯ ಹಾಳೆಯಲ್ಲಿದ್ದಾಗ ಅವಳು ಕಾಲೇಜಿನ ಗ್ರಂಥಪಾಲಕಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು.

"ಮೇಡಮ್ಮಾರೇ, ರ‍್ಯಾಂಪಿನ ಮ್ಯಾಲ ಮೊದಲನೇ ಗಾಡಿ ಎಷ್ಟಕ್ಕ ಬಂದು ನಿಲ್ತದ್ರಿ?"

ಒಂಬತ್ತೂವರೆಗೆ. ಸಂಜೆ ಐದರ ಮೇಲೆ ಒಂದೂ ಇರುವುದಿಲ್ಲ. ಹಾಗಾದರೆ ಒಂಬತ್ತಕ್ಕೆ ಹೋಗಿ ಐದೂವರೆಗೆ ಹೊರಡುತ್ತೇನೆ ಅಂದಳು. ನನ್ನ ಮೂರು ಪುಟಗಳಲ್ಲಿ ಈ ಪ್ರಶ್ನೆ ಇರಲಿಲ್ಲ.

"ಮೊದಲನೇ ದಿನ ನಾನೂ ಬರ್ತೀನಿ," ಎಂದೆ.

"ಬ್ಯಾಡಣ್ಣಾ. ನೀ ಬಂದ್ರ ಎತ್ತಸ್ತಿ."

ಹಳೆಯ ಕಾರು ಏಳೂಮುಕ್ಕಾಲಿಗೆ ಬಂತು. ನಾನು ಬಾಗಿಲಲ್ಲೇ ಉಳಿದೆ. ದಿನವಿಡೀ ಯಾವ ಕೆಲಸವೂ ಆಗಲಿಲ್ಲ. ಸಂಜೆ ಅವಳು ಬಂದು ಕೈ ತೊಳೆದು ಊಟಕ್ಕೆ ಕೂತ ಮೇಲೆ ಕೇಳಿದೆ.

"ಏರು ನೀ ಬರದದ್ದಕ್ಕಿಂತ ಜಾಸ್ತಿ ಐತಿ," ಅಂದಳು. "ನಡುವ ಒಮ್ಮೆ ನಿಂತೆ. ಕೈ ಸೋತು ಅರ್ಧ ಹಿಂದಕ್ಕೂ ಜಾರಿದೆ."

"ಆಮ್ಯಾಲ?"

"ಆಮ್ಯಾಲೇನು, ಮತ್ತ ಏರಿದೆ. ಸುತ್ತ ಒಬ್ಬ ನರಮನುಷ್ಯ ಇದ್ದಿದ್ದಿಲ್ಲ."

ರೊಟ್ಟಿ ಮುರಿದು, ಪಲ್ಯ ಇನ್ನಷ್ಟು ಹಾಕು ಎಂದು ತಟ್ಟೆ ಮುಂದೆ ಸರಿಸಿದಳು.