ರಸ್ತೆ ಖಾತೆಯ ಸ್ಟ್ರೆಚರ್

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಪಂಜ ಮತ್ತು ಕಡಬದ ನಡುವಿನ ಒಂದು ಗ್ರಾಮ ಪಂಚಾಯತಿನಲ್ಲಿ ಸೆಕ್ರೆಟರಿಯಾಗಿದ್ದೆ. ನನ್ನ ಊರು ಪುತ್ತೂರಿನ ದರ್ಬೆ. ಮನೆಯೆದುರೇ ಬಸ್ಸು ನಿಲ್ಲುವ ಕಡೆ ಬೆಳೆದವನಿಗೆ, ಬಸ್ಸಿಳಿದ ಮೇಲೂ ಊರು ಇನ್ನೂ ಎಲ್ಲೋ ಒಳಗಿರುತ್ತದೆ ಎಂಬುದು ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು. ಸೇರಿದ ಹೊಸತರಲ್ಲಿ ವರ್ಗಾವಣೆಗೆ ಯಾರ ಕಾಲು ಹಿಡಿಯುವುದು ಎಂಬ ಯೋಚನೆಯಲ್ಲೇ ದಿನ ಕಳೆದೆ. ಹಿಡಿಯಲು ಯಾರ ಕಾಲೂ ಸಿಗಲಿಲ್ಲ, ಹಾಗಾಗಿ ಉಳಿದೆ.

ಪಂಚಾಯತ್ ಎಂದರೆ ಸೊಸೈಟಿ ಕಟ್ಟಡದ ಪಕ್ಕದ ಒಂದು ಕೋಣೆ, ಒಂದು ಮೇಜು, ಒಂದು ಕಪಾಟು ಮತ್ತು ನಾನು. ಆದಾಯ ಎಂದರೆ ಮನೆ ತೆರಿಗೆ, ಅಂಗಡಿ ಲೈಸೆನ್ಸು, ಭೂಕಂದಾಯದಲ್ಲಿ ಸರಕಾರ ಕೊಡುವ ಪಾಲು. ಆ ಪಾಲು ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಬಂದ ಹಣಕ್ಕೂ ಒಂದೊಂದು ಖಾತೆ. ರಸ್ತೆಯದ್ದನ್ನು ಬಾವಿಗೆ ಹಾಕುವಂತಿಲ್ಲ, ಬಾವಿಯದ್ದನ್ನು ಬೀದಿದೀಪಕ್ಕೆ ಹಾಕುವಂತಿಲ್ಲ. ಕಾಯಿಲೆ ಬಿದ್ದವರಿಗೆ, ಹೆರುವವರಿಗೆ ಎಂದು ಯಾವ ಖಾತೆಯೂ ಇರಲಿಲ್ಲ. ಇದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ನಮ್ಮ ಮಹಿಳಾ ಮೆಂಬರಿಗೆ.

ಪಂಚಾಯತಿನಲ್ಲಿ ಹೆಂಗಸರಿಗೆಂದು ಎರಡು ಸೀಟು ಇದ್ದವು. ಒಂದರವರು ಸಹಿಗೆ ಬಿಟ್ಟರೆ ಬರುತ್ತಲೇ ಇರಲಿಲ್ಲ. ಇನ್ನೊಬ್ಬರು ಮಾತ್ರ ತಪ್ಪದೆ ಬರುತ್ತಿದ್ದರು. ಅವರು ಹೊಳೆಯಾಚೆಯ ಗೌಡರ ಮನೆಯ ಹಿರಿಯ ಹೆಂಗಸು. ಊರಿಗೆಲ್ಲ ದೊಡ್ಡಕ್ಕ; ನಾನೂ ಹಾಗೆಯೇ ಕರೆಯುತ್ತಿದ್ದೆ. ಮನೆಯಲ್ಲಿ ಅರೆಭಾಷೆ, ಕೆಲಸದವರ ಹತ್ತಿರ ತುಳು, ನೆರೆಯ ಕೇರಳದವರ ಹತ್ತಿರ ಮಲಯಾಳ, ನನ್ನ ಹತ್ತಿರ ಕನ್ನಡ. ಇಷ್ಟೆಲ್ಲ ಭಾಷೆ ಬರುತ್ತಿದ್ದವರು ಮೀಟಿಂಗಿನಲ್ಲಿ ಒಂದರಲ್ಲೂ ಬಾಯಿ ಬಿಡುತ್ತಿರಲಿಲ್ಲ. ಮೂಲೆಯ ಬೆಂಚಿನಲ್ಲಿ ಕೂತು ಎಲೆಯಡಿಕೆ ಜಗಿಯುತ್ತ, ಗಂಡಸರು ಕಿರುಚಾಡುವುದನ್ನು ಯಕ್ಷಗಾನ ನೋಡುವವರಂತೆ ನೋಡುತ್ತಿದ್ದರು.

ಅವರು ಬಾಯಿ ಬಿಟ್ಟದ್ದು ಒಂದು ಮಾರ್ಚ್ ತಿಂಗಳಿನಲ್ಲಿ. ರಸ್ತೆ ಖಾತೆಯಲ್ಲಿ ಸ್ವಲ್ಪ ಹಣ ಉಳಿದಿತ್ತು. ಸೊಸೈಟಿಯ ಎದುರು ಜಲ್ಲಿ ಹಾಕಿಸಿ ಮುಗಿಸುವ ಎಂದು ಚೇರ್‌ಮನ್‌ರು ಹೇಳಿದರು. ಎಲ್ಲರೂ ಏಳುವ ತಯಾರಿಯಲ್ಲಿದ್ದಾಗ ದೊಡ್ಡಕ್ಕ ಕಿಟಕಿಯಿಂದಾಚೆ ಉಗಿದು ಬಂದು, "ನಂಗೆ ಒಂದು ಹೇಳ್ಲಿಕ್ಕುಂಟು" ಎಂದರು. ಚೇರ್‌ಮನ್‌ರು ಎದ್ದವರು ಮತ್ತೆ ಕೂತರು.

"ಆಸ್ಪತ್ರೆಯಲ್ಲಿ ಜನರನ್ನು ಮಲಗಿಸಿ ಹೊತ್ಕೊಂಡು ಹೋಗುದು ಉಂಟಲ್ಲ, ಬಟ್ಟೆದ್ದು, ಎರಡು ಕೋಲು ಇರ್ತದೆ. ಅದು ಒಂದು ನಮ್ಮ ಹೊಳೆ ಆಚೆಗೆ ಬೇಕು."

ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಹೊಳೆಯಾಚೆ, ದೊಡ್ಡಕ್ಕನ ಮನೆಯ ಪಕ್ಕದ ಗುಡ್ಡದಲ್ಲಿ ಕೇರಳದಿಂದ ಬಂದು ರಬ್ಬರು ಹಾಕಿದ ಒಂದು ಕ್ರಿಶ್ಚಿಯನ್ ಕುಟುಂಬವಿತ್ತು. ಗಂಡ, ಹೆಂಡತಿ, ಇಬ್ಬರೇ. ಹಿಂದಿನ ಮಳೆಗಾಲದಲ್ಲಿ ಆ ಹುಡುಗಿಗೆ ಚೊಚ್ಚಲ ಹೆರಿಗೆಯ ನೋವು ಬಂದಾಗ, ಕುರ್ಚಿಗೆ ಬಿದಿರು ಕಟ್ಟಿ, ಅದರಲ್ಲಿ ಕೂರಿಸಿ ಹೊತ್ತು ತಂದಿದ್ದರು. ರಸ್ತೆ ಮುಟ್ಟುವ ಮೊದಲೇ ಮಗು ಬಂತು, ಜೀವ ಇರಲಿಲ್ಲ. ಅವಳನ್ನಾದರೂ ಉಳಿಸಿಕೊಳ್ಳಲು ಪುತ್ತೂರಿನ ಡಾಕ್ಟರು ಹೆಣಗಿದ್ದರಂತೆ. "ಇನ್ನೊಮ್ಮೆ ಹೀಗೆ ಕೂರಿಸಿ ಕುಲುಕಿಸಿಕೊಂಡು ತಂದರೆ ನನ್ನ ಹತ್ತಿರ ಬರಬೇಡಿ, ಮಲಗಿಸಿ ತನ್ನಿ" ಎಂದು ಬೈದು ಕಳಿಸಿದ್ದರು. ಈಗ ಅವಳು ಮತ್ತೆ ಬಸುರಿ. ಹೆರಿಗೆ ಆಟಿ ತಿಂಗಳಿಗೆ ಎಂದರೆ ಮಳೆಯ ನಟ್ಟನಡುವೆ, ಹೊಳೆ ತುಂಬಿ ಹರಿಯುವ ಕಾಲಕ್ಕೆ.

ನಾನು ನಿಯಮ ಬಲ್ಲವನಲ್ಲವೇ, ಗಂಟಲು ಸರಿಮಾಡಿಕೊಂಡೆ. "ಸ್ಟ್ರೆಚರಿಗೆ ಖಾತೆ ಇಲ್ಲ ದೊಡ್ಡಕ್ಕ. ಇದು ರಸ್ತೆಯ ಹಣ."

"ರಸ್ತೆ ಎಂತಕ್ಕೆ ಸೆಕ್ರೆಟ್ರಿಯವ್ರೆ?"

"ಜನ ಹೋಗ್ಲಿಕ್ಕೆ ಬರ್ಲಿಕ್ಕೆ."

"ಹೊಳೆ ಆಚೆಗೆ ನೀವು ಎಷ್ಟು ರಸ್ತೆ ಮಾಡಿದ್ದೀರಿ?"

ನಾನು ಚೇರ್‌ಮನ್‌ರ ಮುಖ ನೋಡಿದೆ. ಅವರು ಮಾಡಿನ ಹಂಚು ನೋಡುತ್ತಿದ್ದರು.

"ರಸ್ತೆ ಇಲ್ಲದಲ್ಲಿಗೆ ಇದೇ ರಸ್ತೆ ಅಂತ ಬರ್ಕೊಳ್ಳಿ" ಎಂದು ದೊಡ್ಡಕ್ಕ ಮತ್ತೆ ಬೆಂಚಿಗೆ ಹೋಗಿ ಕೂತರು.

ಬರೆದುಕೊಂಡೆ. ಆ ಒಂದು ಸಾಲಿಗೆ ಮುಂದೆ ಮೇಲಿನ ಆಫೀಸಿನವರು ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡರು ಎಂಬುದನ್ನು ಹೇಳತೊಡಗಿದರೆ ಇಲ್ಲಿಗೆ ಮುಗಿಯುವುದಿಲ್ಲ. ಸ್ಟ್ರೆಚರ್ ಮಾತ್ರ ಮೇ ತಿಂಗಳಿನಲ್ಲಿ ಮಂಗಳೂರಿನಿಂದ ಬಸ್ಸಿನ ಟಾಪಿನಲ್ಲಿ ಬಂದಿಳಿಯಿತು. ಹಸಿರು ಕ್ಯಾನ್‌ವಾಸು, ನುಣ್ಣಗಿನ ಎರಡು ಮರದ ಕೋಲು, ಕೆಳಗೆ ಗಿಡ್ಡ ಕಾಲುಗಳು. ನಾನು ಅದನ್ನು ಬಿಡಿಸಿ ಆಫೀಸಿನ ಗೋಡೆಗೆ ಒರಗಿಸಿದೆ. ಏನೋ ಸಾಧಿಸಿದ ಹೆಮ್ಮೆ ನನಗೆ.

ಮಾರನೆಯ ದಿನದಿಂದ ಆಫೀಸಿಗೆ ಜನ ಬರುವುದು ನಿಂತಿತು. ತೆರಿಗೆ ಕಟ್ಟುವವರು ಹೊರಗೆ ನಿಂತು ಕಿಟಕಿಯಿಂದ ಕೈ ಚಾಚತೊಡಗಿದರು. "ಒಳಗೆ ಬನ್ನಿ" ಎಂದರೆ, "ಬೇಡ, ಇಲ್ಲೇ ಗಾಳಿ ಉಂಟು" ಎನ್ನುತ್ತಿದ್ದರು. ನನಗೆ ತಡವಾಗಿ ಅರ್ಥವಾಯಿತು. ಈ ಊರಿನಲ್ಲಿ ಮನುಷ್ಯನನ್ನು ಎರಡು ಕೋಲಿನ ನಡುವೆ ಮಲಗಿಸಿ ಹೊರುವುದು ಒಮ್ಮೆ ಮಾತ್ರ. ಆ ಪ್ರಯಾಣದವರು ತಿರುಗಿ ಬರುವುದಿಲ್ಲ. ಅದಕ್ಕೇ ಎಷ್ಟೇ ಕಾಯಿಲೆಯಾದರೂ ಕುರ್ಚಿಯಲ್ಲಿ ಕೂರಿಸಿಯೇ ಹೊರುತ್ತಿದ್ದರು. ನಾನು ತರಿಸಿದ್ದು ಊರವರ ಕಣ್ಣಿಗೆ ಮಂಗಳೂರಿನ ಚಟ್ಟ.

ಅದು ಇರಬೇಕಾದದ್ದು ಹೊಳೆಯಾಚೆ. ಮಳೆ ಹಿಡಿದ ಮೇಲೆ ಈಚೆ ಇದ್ದರೆ ಇದ್ದೂ ಇಲ್ಲದ ಹಾಗೆ. ಆದರೆ ಇಟ್ಟುಕೊಳ್ಳುವವರು ಯಾರು? ಆಚೆ ಬದಿಯ ಚಹಾ ಅಂಗಡಿಯವನು, "ನನ್ನ ಚಾ ಯಾರು ಕುಡಿತಾರೆ ಮಾರಾಯ್ರೆ?" ಎಂದ. ಶಾಲೆಯ ಮಾಸ್ತರರು ಮಕ್ಕಳು ಹೆದರುತ್ತಾರೆಂದರು. ಅವರೇ ಹೆದರಿದ್ದು ಮುಖದಲ್ಲಿ ಕಾಣುತ್ತಿತ್ತು. ಆ ಹುಡುಗಿಯ ಗಂಡನಂತೂ ಕೈಮುಗಿದುಬಿಟ್ಟ. "ಮನೆಗೆ ಬೇಡ ಸಾರ್. ಅದರ ಸುದ್ದಿ ಎತ್ತಿದ್ರೆ ಅವಳು ಊಟ ಬಿಡ್ತಾಳೆ. ಕುರ್ಚಿಯಲ್ಲೇ ಹೋಗ್ತೇನೆ ಅಂತಾಳೆ."

ಕೊನೆಗೆ ದೊಡ್ಡಕ್ಕ ತಮ್ಮ ಮನೆಯ ಜಗಲಿಯಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ಮನೆಯವರು ಮುಖ ಗಂಟು ಹಾಕಿಕೊಂಡರೂ ಅವರೆದುರು ಮಾತಾಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಸರಿ, ಹೊತ್ತೊಯ್ಯಲು ಆಳು ಹುಡುಕಿದರೆ ಹೊಸ ತಕರಾರು. "ಖಾಲಿ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಅದು ಖಾಲಿಯಾಗಿ ಮನೆಗೆ ಹೋದ್ರೆ ಯಾರನ್ನಾದ್ರೂ ಕರಿತದೆ" ಎಂದರು. ನನಗೆ ತಲೆ ಕೆಟ್ಟುಹೋಯಿತು. ಮಡಚಿ ಗೋಣಿಯಲ್ಲಿ ಕಟ್ಟಿ ಕಳಿಸುತ್ತೇನೆ, ಸೌದೆಯ ಹಾಗೆ ಹೋಗಲಿ ಎಂದೆ.

ದೊಡ್ಡಕ್ಕ ಒಪ್ಪಲಿಲ್ಲ. "ಮಡಚಿ ತಂದ್ರೆ ಅದು ಬಂದ ಹಾಗಾಯ್ತು ಅಷ್ಟೆ. ಅವಳು ಮಲಗ್ಬೇಕಲ್ಲ? ಕದ್ದು ತಂದದ್ರಲ್ಲಿ ಅವಳು ಮಲಗ್ತಾಳಾ?" ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆಮೇಲೆ, "ಖಾಲಿ ಆದ್ರೆ ಅಲ್ವಾ ಕಷ್ಟ? ನಾನು ಮಲಗ್ತೇನೆ" ಎಂದರು.

ಸೊಸೈಟಿಗೆ ಸಕ್ಕರೆ, ಚಿಮಿಣಿ ಎಣ್ಣೆ ಬಂದ ದಿನವನ್ನೇ ಆರಿಸಿದರು. ಊರಿಗೆ ಊರೇ ಅಲ್ಲಿ ಸಾಲು ನಿಂತಿತ್ತು. ದೊಡ್ಡಕ್ಕ ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟು ಬಂದು, ಅಂಗಳದ ನಡುವೆ ಸ್ಟ್ರೆಚರ್ ಬಿಡಿಸಲು ನನಗೆ ಹೇಳಿ, ಅದರ ಮೇಲೆ ಕೂತು, ಕಾಲು ನೀಡಿ, ಮಲಗಿದರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ "ಅಯ್ಯೋ ದೇವರೇ" ಎಂದು ಕಣ್ಣು ಮುಚ್ಚಿಕೊಂಡಳು. ಜೀವಂತ ಇರುವ ಹೆಂಗಸು, ಅದೂ ಪಂಚಾಯತ್ ಮೆಂಬರು, ಹೀಗೆ ಅಂಗಾತ ಮಲಗಿ "ಎತ್ತಿ ಮಾರಾಯ್ರೆ, ಬೆನ್ನು ಬಿಸಿ ಆಗ್ತದೆ" ಎಂದು ಕೂಗಿದರೆ ಯಾವ ಗಂಡಸು ಹಿಂದೆ ಸರಿದಾನು? ಎತ್ತಿದರು. ದೊಡ್ಡಕ್ಕ ಸಣ್ಣ ದೇಹದವರಲ್ಲ. ಹೊತ್ತವರ ಕತ್ತಿನ ನರ ಎದ್ದು ಕಂಡಿತು.

ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆದೆ. ದಾರಿಯುದ್ದಕ್ಕೂ ಅವರು ಮಲಗಿದಲ್ಲಿಂದಲೇ ಊರಿನ ಯೋಗಕ್ಷೇಮ ವಿಚಾರಿಸಿದರು. ಒಬ್ಬಳಿಗೆ ದನ ಕರು ಹಾಕಿತಾ ಎಂದು ಕೇಳಿದರು, ಇನ್ನೊಬ್ಬನಿಗೆ ಮನೆ ತೆರಿಗೆ ಬಾಕಿ ಉಂಟೆಂದು ನೆನಪಿಸಿದರು. ಚಹಾ ಅಂಗಡಿಯ ಎದುರು ಇಳಿಸಲು ಹೇಳಿ, ಕೂತು ಚಹಾ ಕುಡಿದು, ಮತ್ತೆ ಮಲಗಿದರು. ಮೊದಲು ಬಾಗಿಲ ಹಿಂದೆ ನಿಂತಿದ್ದವರು ಆಮೇಲೆ ಹೊರಗೆ ಬಂದರು, ಮಕ್ಕಳು ಹಿಂದೆ ಬಿದ್ದವು, ನಗು ಹುಟ್ಟಿತು. ನಾನು ಆ ಊರಿನಲ್ಲಿ ಅಷ್ಟು ನಕ್ಕದ್ದು ಅದೇ ಮೊದಲು. ವರ್ಗಾವಣೆಯ ನೆನಪು ಆ ದಿನ ಬರಲೇ ಇಲ್ಲ.

ಮೆರವಣಿಗೆ ದೊಡ್ಡಕ್ಕನ ಮನೆಗೆ ಹೋಗದೆ ಆ ಹುಡುಗಿಯ ಅಂಗಳಕ್ಕೆ ಹೋಯಿತು. ಅವಳು ರಬ್ಬರ್ ಶೀಟು ಒಣಹಾಕುತ್ತಿದ್ದವಳು ನಮ್ಮನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡಳು. ಮುಖದಲ್ಲಿ ರಕ್ತವಿರಲಿಲ್ಲ. ದೊಡ್ಡಕ್ಕ ಎದ್ದು ಸೀರೆ ಕೊಡವಿ ಅವಳ ಎದುರು ನಿಂತು ಮಲಯಾಳದಲ್ಲಿ ಏನೋ ಹೇಳಿದರು. ಗಂಡ ನನಗೆ ಅರ್ಥ ಹೇಳಿದ: "ನೋಡು ಮಗಳೇ, ನಾನು ಸತ್ತಿದ್ದೇನಾ ಅಂತ ಕೇಳ್ತಿದ್ದಾರೆ." ಹುಡುಗಿ ಅವರ ಕೈ ಮುಟ್ಟಿದಳು. ತೋಳು ಮುಟ್ಟಿದಳು. ಆಮೇಲೆ ನಗಲು ಹೋಗಿ ಅತ್ತಳು. ನಾವು ಹೊರಡುವ ಮೊದಲು ಅವಳು ಒಂದು ಗಳಿಗೆ ಸ್ಟ್ರೆಚರಿನ ಮೇಲೆ ಮಲಗಿದಳು, ದೊಡ್ಡಕ್ಕನ ಕೈ ಬಿಡದೆ.

ಆಟಿಯ ಒಂದು ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುತ್ತಿರುವಾಗ ಹೊಳೆಯಾಚೆಯಿಂದ ಕೂಗು ಕೇಳಿತು. ಜೀಪಿಗೆ ಜನ ಅಟ್ಟಿ ನಾನು ಸಂಕದ ಕಡೆ ಓಡಿದೆ. ಸಂಕವೆಂದರೆ ಮರದ ದಿಮ್ಮಿಗಳನ್ನು ಜೋಡಿಸಿದ ಕಾಲುಸೇತುವೆ; ಕೆಳಗೆ ಕೆಂಪು ನೀರು ಹೋ ಎನ್ನುತ್ತಿತ್ತು. ಮುಂದೆ ಒಬ್ಬ, ಹಿಂದೆ ಅವಳ ಗಂಡ, ನಡುವೆ ಅವಳು. ಮಳೆಗೆ ಗೊರಬೆ ಮುಚ್ಚಿದ್ದರು. ಎಲೆಯ ಆ ಗೊರಬೆಯ ಅಡಿಯಿಂದ "ಚೇಚೀ" ಎಂಬ ದನಿ ಮಾತ್ರ ಬರುತ್ತಿತ್ತು, ಅವರ ಭಾಷೆಯಲ್ಲಿ ಅಕ್ಕ ಎಂದು. "ಇದ್ದೇನೆ ಮಗಾ, ಇದ್ದೇನೆ" ಎಂದು ದೊಡ್ಡಕ್ಕ ಹಿಂದೆಯೇ ಬರುತ್ತಿದ್ದರು. ಈಚೆ ದಡದಲ್ಲಿ ಮುಂದಿನವನಿಂದ ಕೋಲು ನಾನು ತೆಗೆದುಕೊಂಡೆ. ಕೈಯೆಲ್ಲ ಬೊಕ್ಕೆ ಎದ್ದದ್ದು ಜೀಪಿನಲ್ಲಿ ಪುತ್ತೂರು ಮುಟ್ಟಿದ ಮೇಲೆ ಗೊತ್ತಾಯಿತು.

ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತ ಕೂತೆವು. ಗಂಡ ಗೋಡೆಗೆ ಹಣೆ ಒತ್ತಿ ನಿಂತಿದ್ದ. ದೊಡ್ಡಕ್ಕನ ಬಾಯಲ್ಲಿ ಆ ದಿನ ಎಲೆಯಡಿಕೆ ಇರಲಿಲ್ಲ. ತುಂಬ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ ಹೇಳಿದರು.

"ಆವತ್ತು ಅವಳು ಕುರ್ಚಿಯಲ್ಲಿ ಕೂತು ಕೇಳಿದ್ಳು ಸೆಕ್ರೆಟ್ರಿಯವ್ರೆ, ಚೇಚಿ, ಸ್ವಲ್ಪ ಮಲಗಿಸಿ ಅಂತ. ನಾನೇ ಬಿಡ್ಲಿಲ್ಲ. ಮಲಗಿಸಿ ಹೊತ್ರೆ ಕೆಟ್ಟದು ಅಂತ ನಂಗೂ ಇತ್ತಲ್ಲ. ಮಗು ಬಿದ್ದದ್ದು ನನ್ನ ಕೈಗೆ. ತಣ್ಣಗಿತ್ತು. ರಸ್ತೆವರೆಗೆ ಸೆರಗಲ್ಲಿ ಸುತ್ತಿ ಎದೆಗೆ ಹಿಡ್ಕೊಂಡೆ, ಬಿಸಿ ಆಗ್ತದಾ ಅಂತ. ಆಗ್ಲಿಲ್ಲ."

ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆಗಿನ ಕಾಲದಲ್ಲಿ ಅದೆಲ್ಲ ಇರಲಿಲ್ಲ.

ನರ್ಸು ಬಿಳಿ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದರು. ಹೆಣ್ಣು, ತಾಯಿ ಚೆನ್ನಾಗಿದ್ದಾಳೆ ಎಂದರು. ಗಂಡ ಮುಂದೆ ಬರಲಿಲ್ಲ. "ಮೊದಲು ಚೇಚಿಗೆ ಕೊಡ್ಬೇಕಂತೆ, ಒಳಗೆ ಹೋಗುವಾಗ ಅವಳು ಹೇಳಿದ್ದಾಳೆ" ಎಂದ.

ಇಡೀ ಊರಿನೆದುರು ಕಾಲು ನೀಡಿ ಮಲಗಿದ ಹೆಂಗಸು ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. "ನನ್ನ ಕೈಗೆ ಬೇಡ. ನನ್ನ ಕೈ ಒಳ್ಳೇದಲ್ಲ. ಬೇರೆ ಯಾರಿಗಾದ್ರೂ ಕೊಡಿ" ಎಂದು ಗೋಡೆಯ ಕಡೆಗೆ ಸರಿದರು.

"ಬೇಗ ಹಿಡೀರಿ ಅಮ್ಮ, ನಂಗೆ ಒಳಗೆ ಕೆಲಸ ಉಂಟು" ಎಂದು ನರ್ಸು ಮಗುವನ್ನು ಅವರ ಮಡಿಲಿಗೇ ಇಳಿಸಿದರು. ಕೈ ತಾನಾಗಿ ಹೊರಗೆ ಬಂತು. ದೊಡ್ಡಕ್ಕ ಉಸಿರು ಬಿಗಿಹಿಡಿದು ಮಗುವಿನ ಬೆನ್ನಿನ ಅಡಿಗೆ ಅಂಗೈ ಇಟ್ಟರು, ಅಲ್ಲಿಂದ ಕದಲಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಬೆಚ್ಚಗೆ ಉಂಟು ಸೆಕ್ರೆಟ್ರಿಯವ್ರೆ," ಎಂದರು. "ಬೆಚ್ಚಗೆ ಉಂಟು."